ಸೂಜಿಯ ಮರುದಿನ

ಹೋದ ತಿಂಗಳು ದೊಡ್ಡಮ್ಮನ ಮೊಮ್ಮಗುವನ್ನು ನೋಡಲು ಮದಕರಿಪುರಕ್ಕೆ ಹೋಗಿದ್ದೆ. ನಾನೇ ಹೊಲಿದ ಕುಲಾವಿ, ಒಂದು ಚಿಪ್ಪು ಬಾಳೆಹಣ್ಣು ಹಿಡಿದುಕೊಂಡು ನಗುನಗುತ್ತಲೇ ಬಾಣಂತಿ ಕೋಣೆಗೆ ಕಾಲಿಟ್ಟೆ. ಒಳಗೆ ಕಾಯಿಸಿದ ಹರಳೆಣ್ಣೆ, ಬೆಳ್ಳುಳ್ಳಿ, ಬಚ್ಚಲ ಒಲೆಯ ಹೊಗೆ. ಕಿಟಕಿ ಭದ್ರವಾಗಿ ಮುಚ್ಚಿತ್ತು. ದೊಡ್ಡಮ್ಮ ಮಗುವನ್ನು ನನ್ನ ತೊಡೆಯ ಮೇಲೆ ಮಲಗಿಸಿದರು. ಎರಡು ನಿಮಿಷ ತಡೆದೆ. ಆಮೇಲೆ ಮಗುವನ್ನು ಅವರ ಕೈಗೇ ಕೊಟ್ಟು, ಊರುಗೋಲು ಹಿಡಿದು ಹೊರಬಂದು ಜಗಲಿಯ ಮೇಲೆ ಕುಳಿತುಬಿಟ್ಟೆ.

"ಯಾಕವ್ವ, ಏನಾತು? ತಲೆ ತಿರುಗ್ತೈತಾ?" ಎಂದು ದೊಡ್ಡಮ್ಮ ನೀರು ತಂದರು.

"ಏನಿಲ್ಲ ದೊಡ್ಡಮ್ಮ, ಸೆಕೆ," ಎಂದೆ. ಇದ್ದದ್ದನ್ನು ನುಂಗಿಕೊಳ್ಳುವ ಚಾಳಿ ನನ್ನನ್ನು ಇನ್ನೂ ಪೂರ್ತಿ ಬಿಟ್ಟಿಲ್ಲ. ಬೇರೆಯವರಿಗೆ ಅದು ಹೊಸ ಕೂಸಿನ ವಾಸನೆ. ನನಗೆ ಮಾತ್ರ ಅದು ಹೊಳಲ್ಕೆರೆಯ ನಮ್ಮ ಮನೆಯ ನಡುಕೋಣೆಯ ವಾಸನೆ. ಕೆಲವು ವರ್ಷಗಳ ಹಿಂದೆ ಸಂಕ್ರಾಂತಿಯಿಂದ ಯುಗಾದಿಯವರೆಗೆ ನಾನು ಆ ಕೋಣೆಯಲ್ಲಿ ಬಿದ್ದುಕೊಂಡಿದ್ದೆ. ಯಾರೂ ನನ್ನನ್ನು ಕೂಡಿ ಹಾಕಿರಲಿಲ್ಲ. ಪ್ರೀತಿಯಿಂದ ನೋಡಿಕೊಳ್ಳುತ್ತಿದ್ದರು. ಸಿಕ್ಕಿಬಿದ್ದದ್ದೇ ಅದರಲ್ಲಿ.

ನಾನು ಟೈಲರ್. ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಬ್ಲೌಸು ಹೊಲಿಯುವುದರಲ್ಲಿ ಎತ್ತಿದ ಕೈ ಎಂದು ನಾನೇ ಹೇಳಿಕೊಂಡರೆ ಜಂಬವಾದೀತು. ಆದರೆ ಹೊಸದುರ್ಗದಿಂದ ಬಸ್ಸು ಹತ್ತಿ ಬಂದು ಅಳತೆ ಕೊಟ್ಟು ಹೋಗುವವರಿದ್ದರು, ಅದು ಸುಳ್ಳಲ್ಲ. ಆ ವರ್ಷ ದೀಪಾವಳಿ ಕಳೆದ ಮೇಲೆ ಒಂದು ಮದುವೆ ಹುಡುಗಿಯ ಕಡುಗೆಂಪು ರೇಷ್ಮೆ ಬ್ಲೌಸಿಗೆ ಇಟ್ಟಿಗೆ ಬಣ್ಣದ ದಾರದಲ್ಲಿ ಹೊಲಿಗೆ ಹಾಕಿ ಕೊಟ್ಟೆ. ಹುಡುಗಿಯ ತಾಯಿ ಬ್ಲೌಸನ್ನು ತಂದು ನನ್ನ ಮುಂದೆ ಬಿಸಾಕಿದಳು.

"ಏನ್ ಸುಮಕ್ಕ, ಇದು ಕೆಂಪಾ? ಕಣ್ಣು ಎಲ್ಲಿಟ್ಟಿದ್ದೆ?"

ನಾನೇನು ಸುಮ್ಮನಿರುವವಳೇ? "ಕೆಂಪೇ. ನಿನ್ ಕಣ್ಣು ತೋರಿಸ್ಕಂಡು ಬಾ," ಎಂದು ಜಗಳಕ್ಕೇ ನಿಂತೆ. ಅವಳು ಹೋದ ಮೇಲೆ ಬಾಗಿಲ ಬೆಳಕಿನಲ್ಲಿ ಹಿಡಿದು ನೋಡಿದೆ. ಬಲಗಣ್ಣು ಮುಚ್ಚಿದರೆ ಬಟ್ಟೆಯೇ ಬೇರೆ, ದಾರವೇ ಬೇರೆ. ಎಡಗಣ್ಣು ಮುಚ್ಚಿದರೆ ಎರಡೂ ಒಂದೇ, ನೂರು ಸಲ ಒಗೆದ ಬಟ್ಟೆಯ ಬಣ್ಣ. ಆಗ ತಪ್ಪು ನನ್ನ ಕಣ್ಣಿನದೇ ಎಂದು ಗೊತ್ತಾಯಿತು. ಆ ಹೆಂಗಸಿನ ಮನೆಗೆ ಹೋಗಿ ತಪ್ಪಾಯಿತು ಎಂದು ಹೇಳುವಷ್ಟು ದೊಡ್ಡ ಮನಸ್ಸು ಮಾತ್ರ ನನಗೆ ಬರಲಿಲ್ಲ.

ಅದಾದ ಹದಿನೈದು ದಿನಕ್ಕೆ ಮಿಷನ್ನಿನ ಸೂಜಿ ಬೆರಳಿಗೆ ಇಳಿದದ್ದು ನನಗೆ ತಿಳಿಯಲಿಲ್ಲ. ಬಟ್ಟೆಯ ಮೇಲೆ ರಕ್ತ ಕಂಡ ಮೇಲೆ ತಿಳಿಯಿತು. ಇನ್ನೊಂದು ವಾರಕ್ಕೆ ಸ್ಟೂಲಿನಿಂದ ಏಳಲು ಹೋದವಳು ಮಿಷನ್ನಿನ ಕೆಳಗೇ ಬಿದ್ದೆ. ಬೀದಿಯವರೆಲ್ಲ ಸೇರಿ ಲಕ್ವ ಎಂದರು. ಮೂವತ್ತೊಂದಕ್ಕೇ ಲಕ್ವವೇ ಎಂದು ಕೆಲವರು ಲೊಚಗುಟ್ಟಿದರು. ಊರಿನ ಡಾಕ್ಟರು ದಾವಣಗೆರೆಗೆ ಕಳಿಸಿದರು, ಅಲ್ಲಿಯವರು ಬೆಂಗಳೂರಿಗೆ ಕಳಿಸಿದರು. ಅಲ್ಲಿ ಸ್ಕ್ಯಾನಿನ ಹಾಳೆಯನ್ನು ಬೆಳಕಿಗೆ ಹಿಡಿದ ದೊಡ್ಡ ಡಾಕ್ಟರು ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದು ಹೆಸರು ಹೇಳಿ, "ಉಳಿದದ್ದೆಲ್ಲ ಸಿಸ್ಟರ್ ಹೇಳ್ತಾರೆ," ಎಂದು ಮುಂದಿನ ರೋಗಿಯನ್ನು ಕರೆದರು.

ಸಿಸ್ಟರ್ ಎಂದರೆ ಡಾಕ್ಟರ ಕೋಣೆಯ ಹೊರಗೆ, ಕಾರಿಡಾರಿನ ಮೂಲೆಯಲ್ಲಿ ಒಂದು ಮೇಜು, ಎರಡು ಕುರ್ಚಿ, ಫರೀದಾ ಎಂಬ ಹೆಸರಿನ ಬಿಲ್ಲೆ. ಈ ಒಂದೇ ಕಾಯಿಲೆಯವರಿಗೆಂದು ಒಬ್ಬ ನರ್ಸು ಇರುತ್ತಾರೆ ಎಂಬುದೇ ನನಗೆ ಗೊತ್ತಿರಲಿಲ್ಲ. ಅವರು ನನ್ನ ಕಾಲು ಕೇಳಲಿಲ್ಲ, ಕಣ್ಣು ಕೇಳಲಿಲ್ಲ. ಮೊದಲು ನನ್ನ ಗಂಡನ ಕಡೆ ತಿರುಗಿದರು.

"ಅಣ್ಣಾ, ಕೆಳಗೆ ಹೋಗಿ ಟೀ ಕುಡ್ಕಂಡು ಬರ್ರಿ. ಇಲ್ಲಿ ಹೆಣ್ಮಕ್ಕಳ ಮಾತೈತೆ."

ಬೆಂಗಳೂರಿನ ಆ ಆಸ್ಪತ್ರೆಯಲ್ಲಿ "ಐತೆ" ಎಂಬ ಮಾತು ಕೇಳಿ ನನಗೆ ಅಳು ಬಂತು. ಯಾವೂರು ಎಂದು ಕೇಳಿದೆ. ಹಿರಿಯೂರು ಎಂದರು, ನಮ್ಮಪ್ಪ ಗಾದಿ ಹೊಲಿಯೋರು, ನಾನೂ ಸೂಜಿ ನೋಡ್ಕಂಡೇ ಬೆಳೆದೋಳು ಎಂದರು. ಆಮೇಲೆ ಮೆಲ್ಲಗೆ, "ಉಚ್ಚೆ ತಡೀತೈತಾ ಸುಮಾ?" ಎಂದು ಕೇಳಿದರು. ಅದುವರೆಗೆ ಯಾರೂ ಕೇಳಿರಲಿಲ್ಲ, ನಾನೂ ಯಾರಿಗೂ ಹೇಳಿರಲಿಲ್ಲ. ತಡೆಯುತ್ತಿರಲಿಲ್ಲ. ಅದೂ ಈ ಕಾಯಿಲೆಯದೇ, ನಿನ್ನ ತಪ್ಪಲ್ಲ ಎಂದು ಅವರು ಹೇಳಿದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಗಂಡ ಬಂದ ಮೇಲೆ ಇಬ್ಬರನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದರು. ನರದ ಮೇಲಿನ ಸಿಪ್ಪೆ ಅಲ್ಲಲ್ಲಿ ಕಿತ್ತುಹೋಗುತ್ತದೆ, ವೈರಿನ ಪ್ಲಾಸ್ಟಿಕ್ ಕಿತ್ತ ಹಾಗೆ. ಕಾಯಿಲೆ ಬಿಟ್ಟು ಬಿಟ್ಟು ಬರುತ್ತದೆ, ಬಂದಾಗಲೆಲ್ಲ ಏನಾದರೊಂದನ್ನು ಎತ್ತಿಕೊಂಡು ಹೋಗುತ್ತದೆ. ಅದು ಪದೇ ಪದೇ ಬಾರದಂತೆ ತಡೆಯಲು ವಾರಕ್ಕೆ ಮೂರು ಇಂಜೆಕ್ಷನ್. "ಇದು ಹೋದ ಕಾಲನ್ನ ತಂದುಕೊಡಲ್ಲ, ಇರೋ ಕಾಲನ್ನ ಕಾಯ್ತೈತೆ. ನೀವಾಗೇ ನಿಲ್ಲಿಸಿದ್ರೆ ಮುಂದಿನ ಸಲ ಏನು ಹೋಗ್ತೈತೋ ನಾನೂ ಹೇಳಕ್ಕಾಗಲ್ಲ," ಎಂದರು. ಒಂದು ಮೂಸಂಬಿ ಹಣ್ಣಿಗೆ ಚುಚ್ಚಿಸಿ ಚುಚ್ಚಿಸಿ ನನ್ನ ಗಂಡನಿಗೆ ಕೈ ಕೂರಿಸಿದರು. ಹದಿನೈದು ದಿನಕ್ಕೊಮ್ಮೆ ಗುರುವಾರ ತಾನೇ ಫೋನ್ ಮಾಡುತ್ತೇನೆಂದರು.

ಮನೆಯಲ್ಲಿ ನಮ್ಮತ್ತೆ ಕೆಂಚಮ್ಮ ಕಾಯುತ್ತಿದ್ದರು. ಅವರ ಬಗ್ಗೆ ಒಂದು ಮಾತು ಹೇಳದಿದ್ದರೆ ಮುಂದಿನದೆಲ್ಲ ಅವರ ಮೇಲಿನ ದೂರಿನಂತೆ ಕೇಳಿಸೀತು. ನಮ್ಮ ಮಾವನಿಗೆ ನಿಜವಾದ ಲಕ್ವ ಹೊಡೆದು ಒಂದು ಮಗ್ಗುಲು ಪೂರ್ತಿ ಬಿದ್ದುಹೋಗಿತ್ತಂತೆ. ಹರಳೆಣ್ಣೆ ಉಜ್ಜಿ, ಲಕ್ಕಿಸೊಪ್ಪು ಹಾಕಿ ಕುದಿಸಿದ ನೀರು ಹೊಯ್ದು, ಒಂಬತ್ತು ತಿಂಗಳಲ್ಲಿ ಅವರನ್ನು ಎಬ್ಬಿಸಿ ನಿಲ್ಲಿಸಿದವರು ಅತ್ತೆ. ಮಾವ ಆಮೇಲೆ ಹನ್ನೊಂದು ವರ್ಷ ತಮ್ಮ ಕಾಲ ಮೇಲೆ ತಾವೇ ಓಡಾಡಿಕೊಂಡಿದ್ದು ತೀರಿಕೊಂಡರು. ನಮ್ಮ ಬೀದಿಯಲ್ಲಿ ಅತ್ತೆಯ ಕೈಗುಣಕ್ಕೆ ಡಾಕ್ಟರಿಗಿಂತ ಹೆಚ್ಚು ಹೆಸರಿತ್ತು.

ಸಂಕ್ರಾಂತಿ ಮುಗಿದ ವಾರ ಇಂಜೆಕ್ಷನ್ ಶುರುವಾಯಿತು. ಸೋಮವಾರ, ಬುಧವಾರ, ಶುಕ್ರವಾರ ಸಂಜೆ. ಚುಚ್ಚಿದ ಎರಡು ಮೂರು ಗಂಟೆಗೆ ಮೈಯೆಲ್ಲ ನೋವು, ನಡುಕ, ಜ್ವರ. ಹಾಗಾಗುತ್ತದೆ ಎಂದು ಸಿಸ್ಟರ್ ಮೊದಲೇ ಹೇಳಿದ್ದರು, ಬೆಳಿಗ್ಗೆ ಹೊತ್ತಿಗೆ ಇಳಿದೂ ಹೋಗುತ್ತಿತ್ತು. ಆದರೆ ಅತ್ತೆ ಅದನ್ನು ಕಣ್ಣಾರೆ ಕಂಡವರು, ಸುಮ್ಮನೆ ಕೂರುತ್ತಾರೆಯೇ? ಸೂಜಿಯ ನಂಜು ಮೈಯಲ್ಲಿ ನಿಂತಿದೆ, ಬಿಸಿನೀರಲ್ಲಿ ಇಳಿಸಬೇಕು ಎಂದು ತೀರ್ಮಾನ ಮಾಡಿದರು. ಸೂಜಿಯ ಮರುದಿನ ಬೆಳಕು ಹರಿಯುವ ಹೊತ್ತಿಗೆ ಬಚ್ಚಲ ಒಲೆಗೆ ಉರಿ ಬೀಳುತ್ತಿತ್ತು. ಬೆಳ್ಳುಳ್ಳಿ ಹಾಕಿ ಕಾಯಿಸಿದ ಹರಳೆಣ್ಣೆಯನ್ನು ನೆತ್ತಿಯಿಂದ ಅಂಗಾಲಿನವರೆಗೆ ಉಜ್ಜುತ್ತಿದ್ದರು. ಹಂಡೆಯ ನೀರನ್ನು ಚೆಂಬಿನಲ್ಲಿ ಎತ್ತಿ ಎತ್ತಿ ಬೆನ್ನಿಗೆ ಹೊಯ್ಯುತ್ತಿದ್ದರು, "ತಡ್ಕೋ ನನ್ನವ್ವ, ತಡ್ಕೋ," ಎನ್ನುತ್ತ. ಆಮೇಲೆ ಕಂಬಳಿ ಸುತ್ತಿ ಮಲಗಿಸುವುದು. ಗಾಳಿ ಸೋಕಬಾರದೆಂದು ಕಿಟಕಿಗೆ ಅಗುಳಿ, ಬಾಗಿಲ ಸಂದಿಗೆ ಹಳೆಯ ಸೀರೆ. ಫ್ಯಾನಿನ ಸ್ವಿಚ್ಚಿನ ಮೇಲೆ ಪ್ಲಾಸ್ಟರು ಅಂಟಿಸಿಬಿಟ್ಟಿದ್ದರು.

ಹಾಗೆ ಮಲಗಿದ ಸ್ವಲ್ಪ ಹೊತ್ತಿಗೆ ನನ್ನ ಕಾಲು ನನ್ನವಾಗಿ ಉಳಿಯುತ್ತಿರಲಿಲ್ಲ. ಹೆಬ್ಬೆರಳು ಅಲ್ಲಾಡಿಸು ಎಂದು ಒಳಗಿನಿಂದ ಹೇಳಿದರೆ ಅಲ್ಲಿ ಕೇಳುವವರೇ ಇಲ್ಲ. ಬಲಗಣ್ಣಿಗೆ ಗೋಡೆಯ ಕ್ಯಾಲೆಂಡರೂ ಕಾಣುತ್ತಿರಲಿಲ್ಲ. ಸಂಜೆಯ ಹೊತ್ತಿಗೆ ಸ್ವಲ್ಪ ಜೀವ ಬಂದರೆ ಬಂತು.

ನನ್ನ ಗಂಡ ತಿಪ್ಪೇಸ್ವಾಮಿ ಗುಡ್ಡದ ಮೇಲಿನ ಗಾಳಿಯಂತ್ರದ ಕಂಪನಿಯಲ್ಲಿ ಕೆಲಸಕ್ಕಿದ್ದರು. ಡ್ಯೂಟಿ ಮುಗಿಸಿ ಬಂದು, "ಇವತ್ತು ಏನ್ ಗಾಳಿ ಅಂತೀಯ, ನಿಲ್ಲಕ್ಕೇ ಬಿಡಲಿಲ್ಲ," ಎನ್ನುತ್ತಿದ್ದರು. ನಾನು ಕಂಬಳಿಯೊಳಗಿನಿಂದ ಕೇಳಿಸಿಕೊಳ್ಳುತ್ತಿದ್ದೆ. ಕರೆಂಟು ತೆಗೆಯುವಷ್ಟು ಗಾಳಿ ಬೀಸುವ ಸೀಮೆಯಲ್ಲಿ ನನ್ನ ಮುಖಕ್ಕೆ ಒಂದು ಬೀಸಣಿಗೆಯ ಗಾಳಿಗೂ ಗತಿಯಿರಲಿಲ್ಲ. ಕೋಪ ಬರುತ್ತಿತ್ತು. ಯಾರ ಮೇಲೆ ಎಂದು ತಿಳಿಯದ ಕೋಪ ಬಹಳ ಸುಸ್ತು ಮಾಡುತ್ತದೆ.

ಶಿವರಾತ್ರಿಗೆ ಮುಂಚಿನ ಒಂದು ಸೋಮವಾರ ಹೊಸದುರ್ಗದಿಂದ ನಾದಿನಿಯ ಫೋನು ಬಂತು, ಮಗುವಿಗೆ ಹುಷಾರಿಲ್ಲವೆಂದು. ಅತ್ತೆ ನನಗೆ ನೂರು ಎಚ್ಚರಿಕೆ ಹೇಳಿ ಎರಡು ದಿನದ ಮಟ್ಟಿಗೆ ಹೋದರು. ಆ ಸಂಜೆ ಇಂಜೆಕ್ಷನ್ ಆಯಿತು, ಜ್ವರ ಬಂತು, ಹೋಯಿತು. ಬೆಳಿಗ್ಗೆ ಒಲೆ ಹಚ್ಚಲು ನನ್ನ ಗಂಡನಿಗೆ ಬರುವುದಿಲ್ಲ. ಬಕೆಟ್ಟಿಗೆ ನಲ್ಲಿ ನೀರನ್ನೇ ತುಂಬಿಕೊಟ್ಟು, "ಅವ್ವಂಗೆ ಹೇಳಬ್ಯಾಡ," ಎಂದರು. ನೀರು ಹಾಕಿಕೊಂಡು ಬಂದು ಮಂಚದ ಮೇಲೆ ಕುಳಿತೆ. ಎಂದಿನಂತೆ ಕಾಲು ಹೋಗುವುದನ್ನು ಕಾಯುತ್ತ ಕುಳಿತೆ. ಒಂಬತ್ತಾಯಿತು, ಹತ್ತಾಯಿತು. ಹೋಗಲಿಲ್ಲ. ಗೋಡೆ ಹಿಡಿದು ಮುಂದಿನ ಕೋಣೆಗೆ ನಡೆದು ಹೋಗಿ ಮಿಷನ್ನಿನ ಮೇಲಿನ ಬಟ್ಟೆ ಸರಿಸಿದೆ, ಎಣ್ಣೆ ಬಿಟ್ಟೆ, ಒಂದು ಹಳೆಯ ದಿಂಬಿನ ಚೀಲಕ್ಕೆ ಸೊಟ್ಟಂಬಟ್ಟ ಹೊಲಿಗೆ ಹಾಕಿದೆ. ಆ ಕ್ಷಣಕ್ಕೇ ನನಗೆ ಎಲ್ಲ ಗೊತ್ತಾಯಿತು. ಕಾಲು ಕಳೆಯುತ್ತಿದ್ದದ್ದು ಸೂಜಿಯಲ್ಲ, ನೀರು.

ಬುಧವಾರ ಅತ್ತೆ ತೆಂಗಿನಕಾಯಿ ಚೀಲ ಹೊತ್ತು ಬಂದಾಗ ನಾನು ಬಾಗಿಲಲ್ಲಿ ನಿಂತಿದ್ದೆ. ಚೀಲವನ್ನು ಬೀದಿಯಲ್ಲೇ ಬಿಟ್ಟು ಓಡಿ ಬಂದು ನನ್ನ ಗಲ್ಲ ಹಿಡಿದುಕೊಂಡರು. "ನೋಡಿದ್ಯಾ, ನೀರು ಹಿಡೀತು! ನಿಮ್ಮ ಮಾವಂಗೂ ಹಿಂಗೇ, ಒಂದೇ ಸಲಕ್ಕೆ ಎದ್ದಿದ್ರು," ಎಂದು ಕಣ್ಣೊರೆಸಿಕೊಂಡರು.

ಆಗ ಹೇಳಬಹುದಿತ್ತು. ಬಾಯಿ ಬರಲಿಲ್ಲ. ಓದುವವರಿಗೆ ಇದು ಪೆದ್ದುತನ ಅನ್ನಿಸಬಹುದು, ನನಗೂ ಈಗ ಹಾಗೇ ಅನ್ನಿಸುತ್ತದೆ. ಆದರೆ ಒಂದು ವಿಷಯ ಇದೆ. ಎಷ್ಟೋ ದಿನ ನನ್ನ ಹಾಸಿಗೆ ಒದ್ದೆಯಾಗುತ್ತಿತ್ತು. ಅತ್ತೆ ಮಗ ಏಳುವುದರೊಳಗೆ ನನ್ನ ಸೀರೆ ಬದಲಿಸಿ, ಹಾಸಿಗೆ ತೆಗೆದು, ಹಿತ್ತಲಲ್ಲಿ ಒಗೆದು ಹರವಿ, ಏನೂ ಆಗಿಲ್ಲವೆಂಬಂತೆ ಕಾಫಿ ತಂದುಕೊಡುತ್ತಿದ್ದರು. ಒಂದು ದಿನ ಮೂಗು ಮುರಿಯಲಿಲ್ಲ. ಒಂದು ದಿನ ಆ ಮಾತು ಎತ್ತಲಿಲ್ಲ. ಅಂಥ ಕೈಯನ್ನು ಹಿಡಿದು, ನಿನ್ನ ಈ ಕೈಯೇ ನನ್ನನ್ನು ಕೆಡಿಸುತ್ತಿದೆ ಎಂದು ಹೇಗೆ ಹೇಳುವುದು? ನನ್ನ ಬಾಯಿ ಬೀದಿಯವರ ಮೇಲೆಲ್ಲ ಹರಿಯುತ್ತಿತ್ತು, ಅವರ ಮುಂದೆ ಮಾತ್ರ ಹೊಲಿದುಕೊಂಡುಬಿಟ್ಟಿತು.

ಗುರುವಾರ ಹಂಡೆ ಕಾಯಿತು. ಮತ್ತೆ ಬಿದ್ದೆ.

ಹೀಗೆ ಎದ್ದು ಬಿದ್ದು ಒಂದು ತಿಂಗಳಾಗುವಾಗ ಮನೆಯವರೂ ನೆರೆಯವರೂ ಲೆಕ್ಕ ಹಾಕತೊಡಗಿದರು. ಭಾನುವಾರ ಸ್ವಲ್ಪ ನಡೀತಾಳೆ, ಮಂಗಳವಾರ ಗುರುವಾರ ಶನಿವಾರ ಮಲಗಿಬಿಡ್ತಾಳೆ. ಸೂಜಿ ಬಿದ್ದ ಮರುದಿನವೇ ಹೀಗಾಗುತ್ತದೆಂದರೆ ತಪ್ಪು ಸೂಜಿಯದೇ. ಲೆಕ್ಕ ಎಷ್ಟು ಸರಿಯಾಗಿ ಕೂತಿತ್ತೆಂದರೆ ನಲ್ಲಿ ನೀರು ಕೊಟ್ಟ ಆ ಮಂಗಳವಾರವನ್ನು ಮರೆತು ನನ್ನ ಗಂಡನೂ ಒಪ್ಪಿದರು.

"ಯುಗಾದಿವರೆಗೆ ಹಾಕ್ಸಾಣ. ಆಮೇಲೆ ಈ ಬೆಂಗಳೂರು ಔಷಧಿ ಸಾಕು," ಎಂದು ಅತ್ತೆ ಹೇಳಿದರು. "ಹಬ್ಬದಿಂದ ಬರೇ ನನ್ ಎಣ್ಣೆ, ನನ್ ನೀರು. ದಿನಾ ಹಾಕ್ತೀನಿ."

ದಿನಾ ನೀರು ಎಂದರೆ ದಿನಾ ಬೀಳುವುದು. ಇಂಜೆಕ್ಷನ್ ಬಿಟ್ಟರೆ ಏನಾಗಬಹುದೆಂದು ನನಗೆ ಗೊತ್ತಿತ್ತು. ಒಂದು ಮಾತು ಆಡಿದ್ದರೆ ಸಾಕಿತ್ತು. "ನೀವು ಹೇಳ್ದಂಗೆ ಅತ್ತೆ," ಎಂದುಬಿಟ್ಟೆ. ನನ್ನ ಜೀವನದಲ್ಲಿ ನಾನಾಡಿದ ಅತಿ ಹೇಡಿ ಮಾತು ಅದು.

ಹಬ್ಬಕ್ಕೆ ಐದು ದಿನ ಇರುವಾಗ ಗುರುವಾರ ಮಧ್ಯಾಹ್ನ ಫರೀದಾ ಸಿಸ್ಟರ ಫೋನು ಬಂತು. ನನ್ನ ಕೈ ಜೋಮು ಹಿಡಿದು ಫೋನು ಜಾರುತ್ತಿದ್ದರಿಂದ ಯಾವಾಗಲೂ ಸ್ಪೀಕರಿಗೆ ಹಾಕಿ ಅತ್ತೆ ಪಕ್ಕದಲ್ಲೇ ಕೂರುತ್ತಿದ್ದರು. ಅತ್ತೆಯೇ ಮೊದಲು, "ಸಿಸ್ಟರಮ್ಮ, ಹಬ್ಬ ಆದ್ಮೇಲೆ ಸೂಜಿ ನಿಲ್ಲಿಸ್ತೀವಿ. ಹಾಕಿದ್ ಮರುದಿನ ಕಾಲೇ ಇರಲ್ಲ ಇವಳಿಗೆ," ಎಂದು ಹೇಳಿಬಿಟ್ಟರು. ಸಿಸ್ಟರ್ ನನ್ನನ್ನೇ ಕರೆದರು.

"ಸುಮಾ, ಮಾತು ಕಟ್ ಕಟ್ ಆಗ್ತೈತೆ. ಸ್ಪೀಕರ್ ತೆಗೆದು ಕಿವಿಗಿಟ್ಕೋ ನೋಡಾಣ."

ನನಗೇನೋ ಮಾತು ಗಂಟೆ ಬಾರಿಸಿದ ಹಾಗೆ ಕೇಳುತ್ತಿತ್ತು. ಆದರೂ ಕಿವಿಗಿಟ್ಟುಕೊಂಡೆ.

"ಅತ್ತೆ ಪಕ್ಕದಾಗೇ ಇದಾರಲ್ವಾ? ನೀನು ಮಾತಾಡಬ್ಯಾಡ, ಹೂಂ, ಉಹೂಂ ಅನ್ನು ಸಾಕು. ಸೂಜಿ ಹಾಕಿದ ಸಂಜೆನೇ ಕಾಲು ಹೋಗ್ತೈತಾ?"

"ಉಹೂಂ."

"ಜ್ವರ ಬಂದಾಗ?"

"ಉಹೂಂ."

"ಬೆಳಿಗ್ಗೆ ಕಣ್ಣು ಬಿಟ್ಟಾಗ ಕಾಲು ಇರ್ತೈತಾ?"

"ಹೂಂ."

"ತಿಂಡಿ ಹೊತ್ತಿಗೆ?"

"ಉಹೂಂ."

"ಅಲ್ಲಿಗೆ ಇದರ ಮಧ್ಯೆ ಏನೋ ಆಗ್ತೈತೆ." ಸಿಸ್ಟರ್ ತಮಗೆ ತಾವೇ ಹೇಳಿಕೊಂಡ ಹಾಗಿತ್ತು. "ಮೈಗೆ ಬಿಸಿ ಕೊಡ್ತಾರಾ? ಬಿಸಿನೀರು?"

"ಹೂಂ."

"ಭಾಳ ಬಿಸಿನಾ ಸುಮಾ?"

"ಹೂಂ," ಎಂದೆ. ಕಣ್ಣಲ್ಲಿ ನೀರು ಇಳಿಯಿತು, ತಡೆಯಲು ಆಗಲಿಲ್ಲ.

"ಸರಿ, ಅಳಬ್ಯಾಡ. ಶನಿವಾರ ನಾನು ಊರಿಗೆ ಬರೋದೈತೆ. ಹಿರಿಯೂರಲ್ಲಿ ಇಳಿಯಲ್ಲ, ದುರ್ಗಕ್ಕೆ ಬಂದು ನಿಮ್ಮೂರ ಬಸ್ ಹತ್ತೀನಿ. ಯಾರಿಗೂ ಬೈಯಲ್ಲ, ಹೆದರ್ಕಬ್ಯಾಡ."

"ಏನಂತೆ? ಯಾಕೆ ಅಳ್ತೀಯ?" ಎಂದು ಅತ್ತೆ ಕೇಳಿದರು. ಶನಿವಾರ ನೋಡಲು ಬರುತ್ತಾರಂತೆ ಎಂದಷ್ಟೇ ಹೇಳಿದೆ.

ಶನಿವಾರ ಅವರು ಬಂದಾಗ ಬೆಳಿಗ್ಗೆ ಹತ್ತೂವರೆ. ನೀರು ಹೊಯ್ದು, ಕಂಬಳಿ ಸುತ್ತಿ ನನ್ನನ್ನು ಮಲಗಿಸಿ ಆಗಿತ್ತು. "ಬರ್ರಿ ಸಿಸ್ಟರಮ್ಮ, ಕುಂತ್ಕಳ್ರಿ. ನೀವೇ ನೋಡ್ರಿ, ನಿನ್ನೆ ಸೂಜಿ, ಇವತ್ತು ಹಿಂಗೆ," ಎಂದು ಅತ್ತೆ ಮಜ್ಜಿಗೆ ತಂದರು. ಸಿಸ್ಟರ್ ಮಜ್ಜಿಗೆ ಕುಡಿದು, ಮಾವನ ಲಕ್ವದ ಕಥೆಯನ್ನು ಪೂರ್ತಿ ಕೇಳಿದರು. ಎಷ್ಟು ದಿನಕ್ಕೆ ಕೈ ಎತ್ತಿದರು, ಯಾವಾಗ ಮಾತು ಬಂತು ಎಂದು ಮಧ್ಯೆ ಮಧ್ಯೆ ಕೇಳಿದರು ಕೂಡ. ಆಮೇಲೆ ತಮ್ಮ ಬ್ಯಾಗಿನಿಂದ ಔಷಧಿ ಬಾಟಲಿಯ ಒಂದು ಕೆಂಪು ಮುಚ್ಚಳ ತೆಗೆದು ನನ್ನ ಬಲಗಣ್ಣಿನ ಮುಂದೆ ಹಿಡಿದರು.

"ಯಾವ ಬಣ್ಣ?"

"ಬೂದಿ ಬಣ್ಣ."

ಕಾಲೆತ್ತು ಎಂದರು, ಆಗಲಿಲ್ಲ. ಅತ್ತೆಯ ಕಡೆ ತಿರುಗಿದರು.

"ಅಮ್ಮಾ, ನನಗೆ ಒಂದು ಗಂಟೆ ಕೊಡ್ರಿ. ನಾನು ಮಾಡೋದನ್ನ ನೋಡ್ತಾ ಕುಂತ್ಕಳ್ರಿ, ಅಡ್ಡ ಬರಬ್ಯಾಡ್ರಿ. ಇವಳು ಏಳದಿದ್ರೆ ನಿಮ್ ಹಂಡೆಗೆ ನಾನೇ ಉರಿ ಹಾಕಿ ಹೋಗ್ತೀನಿ."

ಅವರು ಕಂಬಳಿ ಕಿತ್ತು ಮೂಲೆಗೆ ಎಸೆದರು. ಕಿಟಕಿಯ ಅಗುಳಿ ತೆಗೆದರು. ಸ್ವಿಚ್ಚಿನ ಪ್ಲಾಸ್ಟರನ್ನು ಉಗುರಲ್ಲಿ ಕಿತ್ತು ಫ್ಯಾನು ಹಾಕಿದರು. ಕುಡಿಯುವ ನೀರಿನ ಮಡಕೆಯಲ್ಲಿ ಎರಡು ಟವೆಲ್ ಅದ್ದಿ ಒಂದನ್ನು ಕುತ್ತಿಗೆಗೆ, ಒಂದನ್ನು ಬೆನ್ನಿಗೆ ಹಾಕಿದರು. "ಅಯ್ಯೋ, ಎಣ್ಣೆ ಮೈಗೆ ತಣ್ಣೀರಾ! ಸನ್ನಿ ಆಗ್ತೈತೆ ಕಣವ್ವ, ಕೂಸು ಸಾಯ್ತೈತೆ!" ಎಂದು ಅತ್ತೆ ಎದ್ದುಬಂದರು. ನನ್ನ ಗಂಡ ಅವರ ಭುಜ ಹಿಡಿದು ಹೊಸ್ತಿಲಲ್ಲಿ ಕೂರಿಸಿದರು. ಆ ತಣ್ಣನೆಯ ಬಟ್ಟೆ ಬೆನ್ನಿಗೆ ತಾಗಿದಾಗ ಆದ ಸುಖವನ್ನು ನಾನು ಮುಖದಲ್ಲಿ ತೋರಿಸದಂತೆ ತಡೆದುಕೊಂಡೆ. ಅಂಥ ಹೊತ್ತಲ್ಲೂ ಅತ್ತೆ ನೋಡುತ್ತಾರೆಂಬ ಭಯ.

ಟವೆಲ್ ಮೂರು ಸಲ ಬದಲಾಯಿತು. ಮುಕ್ಕಾಲು ಗಂಟೆ ಕಳೆದಿರಬೇಕು, ಎಡಗಾಲಿನ ಹೆಬ್ಬೆರಳು ಅಲ್ಲಾಡ್ತೈತೆ ನೋಡು ಎಂದರು ನನ್ನ ಗಂಡ. ಸಿಸ್ಟರ್ ಮತ್ತೆ ಮುಚ್ಚಳ ಹಿಡಿದರು. ಇಟ್ಟಿಗೆ ಬಣ್ಣ ಎಂದೆ. ಇನ್ನೂ ಸ್ವಲ್ಪ ಹೊತ್ತು ಬಿಟ್ಟು ಕೈ ಕೊಟ್ಟರು. ಎದ್ದೆ. ಮಂಚದಿಂದ ಮಿಷನ್ನಿನವರೆಗೆ ನಡೆದೆ, ತಿರುಗಿ ಬಂದೆ. ಅತ್ತೆ ನನ್ನ ಮುಖ ನೋಡಲಿಲ್ಲ, ಪಾದವನ್ನೇ ನೋಡುತ್ತಿದ್ದರು. ಆಮೇಲೆ ಎದ್ದು ಹಿತ್ತಲಿಗೆ ಹೋಗಿಬಿಟ್ಟರು.

ಸಿಸ್ಟರ್ ಹಿತ್ತಲ ಬಾಗಿಲಿಗೆ ಹೋಗಿ ನಿಂತು ಅವರ ಬೆನ್ನಿಗೇ ಹೇಳಿದರು. "ಅಮ್ಮಾ, ಲಕ್ವ ಬೇರೆ, ಇದು ಬೇರೆ. ಅಲ್ಲಿ ನಿಮ್ ಕೈ ಗೆದ್ದೈತೆ. ಈ ಕಾಯಿಲೆಗೆ ಬಿಸಿ ಆಗಲ್ಲ, ಸಿಪ್ಪೆ ಕಿತ್ತ ನರ ಬಿಸಿಯಾದ್ರೆ ಕೆಲಸ ಬಿಡ್ತೈತೆ, ತಣ್ಣಗಾದ್ರೆ ಮತ್ತೆ ಹಿಡ್ಕಂತೈತೆ. ಇಷ್ಟು ದಿನದ ನೀರಿಗೆ ಹೊಸದಾಗಿ ಏನೂ ಹೋಗಿಲ್ಲ. ಸೂಜಿ ನಿಲ್ಲಿಸಿದ್ರೆ ಮಾತ್ರ ಹೋಗ್ತೈತೆ. ಎಣ್ಣೆ ಬಿಡಬ್ಯಾಡ್ರಿ, ಬಿಗಿದ ಕಾಲಿಗೆ ಅದು ಬೇಕು. ಕಾಯಿಸದೇ ಹಚ್ರಿ, ನೀರೂ ತಣ್ಣಗೆ ಹಾಕ್ರಿ." ಅತ್ತೆ ತಿರುಗಲಿಲ್ಲ. ಸಿಸ್ಟರ್, ಜ್ವರದ ಮಾತ್ರೆಯನ್ನು ಸೂಜಿಗೆ ಮುಂಚೆಯೇ ಕೊಡಬೇಕೆಂದು ನನ್ನ ಗಂಡನಿಗೆ ತಿಳಿಸಿ ಹೊರಟರು. ನಾನು ಗೋಡೆ ಹಿಡಿದು ಬಾಗಿಲವರೆಗೆ ಕಳಿಸಲು ಹೋದೆ. ಅಲ್ಲಿ ಅವರ ದನಿ ಗಡುಸಾಯಿತು.

"ನಿನಗೆ ಗೊತ್ತಿತ್ತು. ಹೇಳಬೇಕಿತ್ತು ಸುಮಾ."

"ಹೆಂಗೆ ಹೇಳ್ಲಿ ಸಿಸ್ಟರ್?"

"ಅದು ನನಗೂ ಗೊತ್ತಿಲ್ಲ. ಆದ್ರೆ ಹದಿನೈದು ದಿನಕ್ಕೊಂದು ಫೋನಲ್ಲಿ ನಾನು ಎಷ್ಟು ಅಂತ ಕಂಡುಹಿಡೀಲಿ? ಇವತ್ತು ಬಂದೆ. ಪ್ರತಿ ಸಲ ಬರಕ್ಕಾಗ್ತೈತಾ?" ಎಂದು ಬ್ಯಾಗು ಹೆಗಲಿಗೇರಿಸಿದರು. ಅವರಿಗಾಗಿ ಬೆಂಗಳೂರಿನ ಆ ಮೇಜಿನ ಮುಂದೆ ಎಷ್ಟು ಊರಿನವರು ಕಾಯುತ್ತಿರುತ್ತಾರೆ ಎಂದು ನನಗೆ ಗೊತ್ತಿತ್ತು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಅತ್ತೆ ಬಂದು ಮಂಚದ ಕಾಲ ಬಳಿ ಕುಳಿತರು.

"ನಾನು ಹೊಸದುರ್ಗದಿಂದ ಬಂದಾಗ ನೀನು ನಡೀತಿದ್ದೆ. ನಾನಿಲ್ಲದೆ ಹಿಂದಿನ ದಿನ ಬಿಸಿನೀರು ಬಿದ್ದಿರಲಿಲ್ಲ. ಆವತ್ತೇ ಗೊತ್ತಾಗಿತ್ತಾ ನಿನಗೆ?"

ಇಲ್ಲ ಎನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು.

"ಗೊತ್ತಾಗಿತ್ತು ಅತ್ತೆ."

"ಆಮೇಲೂ ಬೆನ್ನು ಕೊಟ್ಟು ಕುಂತ್ಕಂತಿದ್ಯಾ?"

"ನಿಮಗೆ ನೋವಾಗ್ತೈತೆ ಅಂತ."

ನಮ್ಮತ್ತೆ ಅತ್ತದ್ದನ್ನು ನಾನು ಅಷ್ಟು ಹತ್ತಿರದಿಂದ ಕಂಡಿರಲಿಲ್ಲ. "ನೋವಾ? ಗೊತ್ತಿದ್ದೂ ನನ್ ಕೈಯಾಗೇ ನಿನ್ನ ಸುಡಿಸ್ಕಂಡ್ಯಲ್ಲೇ," ಎಂದರು. "ನಾನೇನು ನಿನ್ ಮಾತು ಕೇಳಿ ಸಾಯ್ತಿದ್ನಾ? ಬೀದಿಯೋರಿಗೆಲ್ಲ ಬಾಯಿ ಮಾಡ್ತೀಯ. ನಾನೊಬ್ಳೇ ನಿನಗೆ ಬ್ಯಾರೆಯವಳಾದ್ನಾ?"

ಈ ಕಾಯಿಲೆ ನನ್ನನ್ನು ಹಿಡಿದಿಟ್ಟಿತ್ತು ನಿಜ. ಆದರೆ ಆ ತಿಂಗಳು ಬಾಗಿಲು ಹಾಕಿ ಚಿಲಕ ಹಿಡಿದುಕೊಂಡು ನಿಂತವಳು ನಾನೇ. ಅದಕ್ಕೆ ಪಾಪದ ಅತ್ತೆಯನ್ನು ಕಾವಲಿಗೆ ನಿಲ್ಲಿಸಿದ್ದೆ.

ಅವರು ಎರಡು ದಿನ ಮಾತು ಬಿಟ್ಟರು. ಊಟ ತಂದಿಡುವರು, ಹಾಸಿಗೆ ಬದಲಿಸುವರು, ಮಾತಿಲ್ಲ. ಸೋಮವಾರ ಸಂಜೆ ತಾವೇ ಫ್ರಿಜ್ಜಿನಿಂದ ಇಂಜೆಕ್ಷನ್ ಡಬ್ಬಿ ತೆಗೆದು ಮಗನ ಮುಂದೆ ಕುಕ್ಕಿ, ಮಾತ್ರೆ ಮೊದಲು ಕೊಡು ಎಂಬಂತೆ ಕೈ ತೋರಿಸಿ ಹೋದರು.

ಮಂಗಳವಾರ ಯುಗಾದಿ. ಹಬ್ಬದ ದಿನ ಎಲ್ಲರಿಗೂ ಎಣ್ಣೆ ಸ್ನಾನ ಆಗಲೇಬೇಕು. ಬೆಳಿಗ್ಗೆ ಅತ್ತೆ ಬಂದು ನನ್ನ ರಟ್ಟೆ ಹಿಡಿದು ಬಚ್ಚಲಿಗೆ ಕರೆದುಕೊಂಡು ಹೋದರು. ಒಲೆ ಸಣ್ಣಗೆ ಉರಿಯುತ್ತಿತ್ತು, ಉಳಿದವರಿಗೆಂದು. ಕಾಯಿಸದ ಎಣ್ಣೆಯನ್ನು ನೆತ್ತಿಗೆ ಒತ್ತಿದರು, ಕಾಲು ತಿಕ್ಕಿದರು. ಎಣ್ಣೆ ಮೈಗೆ ತಣ್ಣೀರು ಹೊಯ್ಯಲು ಅವರ ಜೀವ ಒಪ್ಪಿರಲಿಲ್ಲ. ಬಕೆಟ್ಟಿನ ನೀರಿಗೆ ಹಂಡೆಯಿಂದ ಒಂದೆರಡು ಚೆಂಬು ಬೆರೆಸಿ, ಬೆರಳಲ್ಲಿ ಮುಟ್ಟಿ ನೋಡಿ, ಮೊದಲ ಚೆಂಬು ನನ್ನ ಬೆನ್ನಿಗೆ ಹೊಯ್ದು ನಿಂತರು. ಎರಡು ದಿನದ ಮೇಲೆ ಮೊದಲ ಸಲ ಮಾತಾಡಿದರು.

"ಸರಿ ಐತಾ?"

ಬೇರೆ ಯಾರಿಗಾದರೂ ಅದು ಉಗುರುಬೆಚ್ಚಗಿನ ನೀರು. ತಡೆದುಕೊಳ್ಳಬಹುದಿತ್ತು. ಸರಿ ಐತೆ ಎಂದಿದ್ದರೆ ಅವರಿಗೂ ಸಮಾಧಾನವಾಗುತ್ತಿತ್ತು.

"ಇನ್ನೂ ಬಿಸಿ ಐತೆ ಅತ್ತೆ," ಎಂದೆ.

ಅವರು ಚೆಂಬು ಕೆಳಗಿಟ್ಟರು. ಬಕೆಟ್ಟಿನ ನೀರನ್ನು ಪೂರ್ತಿ ಬಚ್ಚಲಿಗೆ ಚೆಲ್ಲಿ, ಅದನ್ನು ಕೆಳಗಿಟ್ಟು ನಲ್ಲಿ ತಿರುಗಿಸಿದರು.